ಮುಲ್ಲರ್ ಅಂದರೆ ಮನೆತನವಲ್ಲ, ಗಿರಣಿ ಕೆಲಸ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಕ್ರೀಡಾ ಪುಟದಲ್ಲಿ ಜರ್ಮನಿಯ ಫುಟ್‌ಬಾಲ್ ಬಗ್ಗೆ ಒಂದು ಲೇಖನ ಬಂದಿತ್ತು. ಚೆನ್ನಾಗಿ ಓದಿಸಿಕೊಂಡು ಹೋಯಿತು. ಆದರೆ ನಡುವೆ ಒಂದು ಕಡೆ, ಥಾಮಸ್ ಮುಲ್ಲರ್ ಗೋಲು ಹೊಡೆಯುವ ಮುಲ್ಲರ್ ಮನೆತನದ ಕುಡಿ, ಗೆರ್ಡ್ ಮುಲ್ಲರ್‌ನ ರಕ್ತ ಅವನ ಮೈಯಲ್ಲಿದೆ ಎಂಬ ಅರ್ಥದ ಮಾತು ಬರೆದಿದ್ದೀರಿ. ಇವರಿಬ್ಬರೂ ಒಂದೇ ಮನೆತನದವರಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಜಾಗ ಇಲ್ಲದಿದ್ದರೆ ಕತ್ತರಿ ಹಾಕಿ.

ಯಾಕೆ ಹಾಗೆ ಅನ್ನಿಸಿತು ಅನ್ನುವುದು ಅರ್ಥವಾಗುತ್ತದೆ. ಇಬ್ಬರೂ ಬವೇರಿಯಾದವರು. ಇಬ್ಬರೂ ಬಯರ್ನ್ ಮ್ಯೂನಿಕ್ ತಂಡಕ್ಕೆ ಆಡಿದವರು. ವಿಶ್ವಕಪ್‌ನಲ್ಲಿ ಇಬ್ಬರ ಅಂಗಿಯ ಮೇಲೂ 13ನೇ ನಂಬರು. ಗೆರ್ಡ್ 1970ರ ವಿಶ್ವಕಪ್‌ನಲ್ಲಿ 10 ಗೋಲು ಹೊಡೆದ, 1974ರ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ಗೆಲುವಿನ ಗೋಲು ಅವನದೇ. ಥಾಮಸ್ 2010ರಲ್ಲಿ 5 ಗೋಲು ಹೊಡೆದು, ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಚಿನ್ನದ ಬೂಟು ಪಡೆದ. ಸಾಲದ್ದಕ್ಕೆ ಥಾಮಸ್ ಬಯರ್ನ್‌ನ ಎರಡನೇ ತಂಡದಲ್ಲಿ ಆಡುವಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದವನು ಇದೇ ಗೆರ್ಡ್. ಇಷ್ಟೆಲ್ಲ ಹೊಂದಿಕೆ ಇದ್ದರೆ ಯಾರಿಗಾದರೂ ಚಿಕ್ಕಪ್ಪ ದೊಡ್ಡಪ್ಪ ಅನ್ನಿಸುತ್ತದೆ. ಆದರೆ ಗೆರ್ಡ್ ಹುಟ್ಟಿದ್ದು ನೋರ್ಡ್‌ಲಿಂಗನ್‌ನಲ್ಲಿ, ಥಾಮಸ್ ವೈಲ್‌ಹೈಮ್‌ನಲ್ಲಿ. ಅವರ ನಡುವಿನ ನಂಟು ಗುರು ಶಿಷ್ಯರದ್ದು, ಅಷ್ಟೇ.

ಜರ್ಮನಿಯಲ್ಲಿ ನೂರು ಜನರನ್ನು ನಿಲ್ಲಿಸಿದರೆ ಹೆಚ್ಚುಕಡಿಮೆ ಒಬ್ಬನ ಅಡ್ಡಹೆಸರು ಮುಲ್ಲರ್. ಇಡೀ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಜನರಿಗೆ ಇರುವ ಅಡ್ಡಹೆಸರು ಇದೇ. ಸ್ವಿಟ್ಜರ್‌ಲೆಂಡ್‌ನಲ್ಲೂ ಇದೇ ಮೊದಲು. ಇಷ್ಟು ಲಕ್ಷ ಜನ ಒಬ್ಬ ಮೂಲಪುರುಷನ ಮಕ್ಕಳಾಗಲು ಸಾಧ್ಯವಿಲ್ಲ ಅಲ್ವಾ? ಮುಲ್ಲರ್ ಅಂದರೆ ಗಿರಣಿಯವ. ಕಾಳು ಬೀಸಿ ಹಿಟ್ಟು ಮಾಡಿಕೊಡುವವನು.

ಇದರ ಬಗ್ಗೆ ನನಗೆ ಯಾಕೆ ಇಷ್ಟು ಆಸಕ್ತಿ ಅಂದರೆ, ನಾನೂ ಮುಲ್ಲರೇ. ರಾಣೆಬೆನ್ನೂರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು, ಈಗ ಮಗ ನೋಡಿಕೊಳ್ಳುತ್ತಾನೆ. ನಮ್ಮ ಓಣಿಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿರುವವರು ಕಡಿಮೆ, ಎಲ್ಲರಿಗೂ ನಾನು ಗಿರಣಿ ಕಾಕಾ. ಮಗಳು ಅಳಿಯ ಜರ್ಮನಿಯಲ್ಲಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಅಳಿಯ ಒಂದು ಸೋಮವಾರ ಹಳೆಯ ನೀರಿನ ಗಿರಣಿಯೊಂದಕ್ಕೆ ಕರೆದುಕೊಂಡು ಹೋದ. ಈಸ್ಟರ್ ಆಗಿ ಏಳು ವಾರಕ್ಕೆ ಅವರಿಗೆ ಒಂದು ಹಬ್ಬ ಬರುತ್ತದೆ, ಅದರ ಮಾರನೆಯ ದಿನ ಸೋಮವಾರ ರಜೆ. 1994ರಿಂದ ಆ ದಿನವನ್ನು ಗಿರಣಿ ದಿನ ಅಂತ ಆಚರಿಸುತ್ತಾರೆ. ದೇಶದ ತುಂಬ ನೂರಾರು ಹಳೇ ಗಿರಣಿಗಳ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಕಾಲುವೆ ನೀರಿಗೆ ಚಕ್ರ ತಿರುಗುವುದು, ಮರದ ಹಲ್ಲಿನ ಗಾಲಿ, ಮೇಲಿನ ಕಲ್ಲು, ಕೆಳಗಿನ ಕಲ್ಲು, ಕಲ್ಲಿನ ಮೇಲೆ ಉಳಿಯಿಂದ ಹೊಡೆದ ಗೆರೆ. ಮೋಟರ್ ಒಂದು ಬಿಟ್ಟರೆ ಎಲ್ಲ ನಮ್ಮದೇ. ಅಲ್ಲಿದ್ದ ವಯಸ್ಸಾದವರೊಬ್ಬರಿಗೆ ನಾನೂ ಗಿರಣಿಯವನು ಅಂತ ಅಳಿಯ ಹೇಳಿದ್ದೇ ತಡ, ಅವರು ಬೇರೆ ಜನರನ್ನು ಬಿಟ್ಟು ನನ್ನ ಜೊತೆಗೇ ನಿಂತರು. ಅಳಿಯನಿಗೆ ದುಭಾಷಿ ಕೆಲಸ. ಅಂದಿನಿಂದ ಈ ವಿಷಯ ಹುಡುಕಿ ಓದುವುದು ನನಗೆ ಒಂದು ಗೀಳು.

ಬಹಳ ಹಿಂದೆ ಜರ್ಮನರಲ್ಲೂ ಕೈಯಲ್ಲಿ ತಿರುಗಿಸುವ ಬೀಸೋ ಕಲ್ಲೇ ಇತ್ತು. ಅದನ್ನು ಹಳೆಯ ಜರ್ಮನ್ ಮಾತಿನಲ್ಲಿ ಕ್ವಿರ್ನ್ ಅನ್ನುತ್ತಿದ್ದರು. ನೀರಿನ ಗಿರಣಿ ರೋಮನ್ನರ ಜೊತೆ ಬಂತು. ಹೆಸರೂ ಅವರದ್ದೇ ಬಂತು. ಲ್ಯಾಟಿನ್‌ನ ಮೊಲಿನಾ ಜರ್ಮನ್‌ನಲ್ಲಿ ಮ್ಯೂಲೆ ಆಯಿತು, ಗಿರಣಿಯವ ಮೊದಲು ಮ್ಯುಲ್ನೆರ್, ಆಮೇಲೆ ನಾಲಿಗೆಗೆ ಸುಲಭವಾಗಿ ಮುಲ್ಲರ್. ಆಸ್ಟ್ರಿಯಾ ಕಡೆ ಈಗಲೂ ಮ್ಯುಲ್ನರ್ ಅನ್ನುವವರಿದ್ದಾರೆ. ಉತ್ತರ ಜರ್ಮನಿಯಲ್ಲಿ ಮೊಲ್ಲರ್, ಡಚ್ಚರಲ್ಲಿ ಮುಲ್ಡರ್, ಹಂಗೇರಿಯಲ್ಲಿ ಮೊಲ್ನಾರ್. ಅಮೆರಿಕಕ್ಕೆ ಹಡಗು ಹತ್ತಿದ ಎಷ್ಟೋ ಮುಲ್ಲರ್‌ಗಳು ಅಲ್ಲಿ ಇಳಿದ ಮೇಲೆ ಮಿಲ್ಲರ್ ಆದರು.

ಓದಿದವರಿಗೆ ಮಾತ್ರ ಗಿರಣಿ ಅನ್ನಿಸಿಕೊಳ್ಳಲು ಕೊಂಚ ನಾಚಿಕೆ ಇತ್ತೋ ಏನೋ. ಅವರು ಹೆಸರನ್ನು ಲ್ಯಾಟಿನ್ ಮಾಡಿಕೊಂಡು ಮೊಲಿಟರ್ ಆದರು. 15ನೇ ಶತಮಾನದ ದೊಡ್ಡ ಗಣಿತಜ್ಞ ರೆಜಿಯೊಮೊಂಟಾನಸ್ ಇದ್ದಾನಲ್ಲ, ಅವನ ಅಪ್ಪ ಗಿರಣಿಯವ, ಅವನ ಮನೆ ಹೆಸರು ಮುಲ್ಲರ್. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅದು ಮೊಲಿಟೊರಿಸ್ ಆಯಿತು. ಕೊನೆಗೆ ಅದೂ ಬಿದ್ದುಹೋಗಿ, ಹುಟ್ಟೂರು ಕೋನಿಗ್ಸ್‌ಬೆರ್ಗ್‌ನ ಹೆಸರನ್ನೇ ಲ್ಯಾಟಿನ್ ಮಾಡಿದ ರೆಜಿಯೊಮೊಂಟಾನಸ್ ಉಳಿಯಿತು.

ಸುಮಾರು 12ನೇ ಶತಮಾನದವರೆಗೆ ಅಲ್ಲಿನ ಸಾಮಾನ್ಯ ಜನರಿಗೆ ಒಂದೇ ಹೆಸರು. ಊರು ಬೆಳೆದಂತೆ ಅದು ಸಾಲದೆ ಬಂತು. ಒಂದೇ ಬೀದಿಯಲ್ಲಿ ನಾಲ್ಕು ಯೋಹಾನ್, ಐದು ಹೈನ್ರಿಖ್. ತೆರಿಗೆ ಬರೆಯುವವನು ಏನು ಮಾಡಬೇಕು? ಗಿರಣಿಯ ಯೋಹಾನ್, ಕಮ್ಮಾರ ಯೋಹಾನ್, ಕುಳ್ಳ ಯೋಹಾನ್ ಅಂತ ಬರೆದುಕೊಂಡ. ಮೊದಮೊದಲು ಇದು ಆ ಮನುಷ್ಯನಿಗೆ ಮಾತ್ರ ಸೇರಿದ್ದು. ಮಗ ಬಡಗಿಯಾದರೆ ಮಗನ ಹೆಸರಿನ ಮುಂದೆ ಬಡಗಿ. ನಿಧಾನಕ್ಕೆ, ಮೊದಲು ದಕ್ಷಿಣ ಮತ್ತು ಪಶ್ಚಿಮದ ಪಟ್ಟಣಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ, ಅಪ್ಪನ ಹೆಸರು ಮಗನಿಗೂ ಅಂಟಿಕೊಂಡಿತು. ಮಗ ಬಡಗಿಯಾದರೂ ಮುಲ್ಲರ್, ಮೊಮ್ಮಗ ಪಾದ್ರಿಯಾದರೂ ಮುಲ್ಲರ್. ಉತ್ತರದ ಫ್ರೀಸ್‌ಲ್ಯಾಂಡ್ ಕಡೆಯವರು ಮಾತ್ರ ಬಹಳ ದಿನ ಬಗ್ಗಲಿಲ್ಲ. ಅಪ್ಪನ ಹೆಸರನ್ನೇ ಮುಂದೆ ಹಾಕಿಕೊಂಡು ತಲೆಮಾರಿಗೊಮ್ಮೆ ಬದಲಿಸುತ್ತಿದ್ದರು. 1811ರಲ್ಲಿ ನೆಪೋಲಿಯನ್ ಕಾಯಂ ಅಡ್ಡಹೆಸರು ಇಟ್ಟುಕೊಳ್ಳಿ ಅಂತ ಆದೇಶವನ್ನೇ ಹೊರಡಿಸಬೇಕಾಯಿತು. ಇನ್ನು ಹೆಸರಿನ ಕಾಗುಣಿತ ಗಟ್ಟಿಯಾಗಿ ನಿಂತದ್ದು 1875ರ ಕಾನೂನಿನಿಂದ ದೇಶದ ತುಂಬ ಜನನ ಮರಣ ನೋಂದಣಿ ಕಚೇರಿಗಳು ಬಂದ ಮೇಲೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಕಾಲದಲ್ಲಿ ಬಹುಪಾಲು ಜನ ರೈತರು. ಹಾಗಾದರೆ ರೈತ ಎಂಬ ಅರ್ಥದ ಬೌವರ್ ಹೆಸರು ಮೊದಲ ಸ್ಥಾನದಲ್ಲಿ ಇರಬೇಕಿತ್ತಲ್ಲ? ಇಲ್ಲ. ಊರೆಲ್ಲ ರೈತರೇ ಇದ್ದರೆ ಒಬ್ಬನನ್ನು ರೈತ ಯೋಹಾನ್ ಅಂದರೆ ಯಾರು ಅಂತ ಗೊತ್ತಾಗುವುದಿಲ್ಲ. ಗಿರಣಿಯವನು ಊರಿಗೆ ಒಬ್ಬನೇ. ಕಮ್ಮಾರನೂ ಹೆಚ್ಚಾಗಿ ಒಬ್ಬನೇ. ಆದ್ದರಿಂದ ಆ ಹೆಸರು ಹೇಳಿದ ತಕ್ಷಣ ಗುರುತು ಸಿಗುತ್ತದೆ. ಒಂದೊಂದು ಊರಿನಲ್ಲಿ ಒಬ್ಬೊಬ್ಬನೇ ಇದ್ದ, ಆದರೆ ಎಲ್ಲ ಊರಿನಲ್ಲೂ ಇದ್ದ. ಸಾವಿರಾರು ಊರುಗಳಲ್ಲಿ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸಾವಿರಾರು ಮನೆಗಳಿಗೆ, ಬೇರೆ ಬೇರೆ ಕಾಲದಲ್ಲಿ ಇದೇ ಹೆಸರು ಬಿತ್ತು. ನಿಮ್ಮ ಲೇಖಕರು ಮರೆತದ್ದು ಇದನ್ನೇ.

ಎರಡನೇ ಸ್ಥಾನ ಶ್ಮಿಟ್, ಅಂದರೆ ಕಮ್ಮಾರ. ಮೂರನೆಯದು ಶ್ನೈಡರ್, ದರ್ಜಿ. ನಾಲ್ಕನೆಯದು ಫಿಶರ್, ಮೀನುಗಾರ. ಪಟ್ಟಿಯ ಮೇಲಿನ ಸಾಲುಗಳೆಲ್ಲ ಕಸುಬೇ. ಶ್ಮಿಟ್‌ಗೆ ನಾಲ್ಕಾರು ಕಾಗುಣಿತ ಇದ್ದು ಲೆಕ್ಕ ಹಂಚಿಹೋಗಿದೆ, ಮುಲ್ಲರ್‌ಗೆ ಹೆಚ್ಚಾಗಿ ಒಂದೇ ಕಾಗುಣಿತ. ಇದೂ ಅವರು ಮುಂದೆ ಇರುವುದಕ್ಕೆ ಒಂದು ಕಾರಣ.

ಒಂದೇ ಹೊಳೆಯ ಮೇಲೆ ಎರಡು ಗಿರಣಿ ಇದ್ದರೆ? ಮೇಲಿನದು ಒಬರ್‌ಮುಲ್ಲರ್, ಕೆಳಗಿನದು ನೀಡರ್‌ಮುಲ್ಲರ್, ಹೊಸದು ನೊಯ್‌ಮುಲ್ಲರ್. ಗಾಳಿ ಗಿರಣಿಯವ ವಿಂಡ್‌ಮುಲ್ಲರ್. ಗಿರಣಿ ಬರೀ ಹಿಟ್ಟಿಗಲ್ಲ. ಅದೇ ನೀರಿನ ಚಕ್ರದಿಂದ ಮರ ಕೊಯ್ಯುವವನು ಸಾಗ್‌ಮುಲ್ಲರ್. ಚರ್ಮ ಹದ ಮಾಡಲು ತೊಗಟೆ ಕುಟ್ಟುವವನು ಲೋಮುಲ್ಲರ್. ಬಂದೂಕಿನ ಮದ್ದು ಅರೆಯುವವನು ಪುಲ್ವರ್‌ಮುಲ್ಲರ್. ಈ ಕೊನೆಯವನ ಪಕ್ಕದ ಮನೆ ನನಗೆ ಬೇಡಪ್ಪ.

ಗಿರಣಿಯವನಿಗೆ ಊರಲ್ಲಿ ಎಂಥ ಸ್ಥಾನ ಇತ್ತು ಅನ್ನುವುದು ಇನ್ನೂ ಸ್ವಾರಸ್ಯದ್ದು. ಹೊಳೆ, ಕಾಲುವೆ, ಗಿರಣಿ ಹೆಚ್ಚಿನ ಕಡೆ ಜಮೀನ್ದಾರನದ್ದೋ ಮಠದ್ದೋ ಆಗಿರುತ್ತಿತ್ತು. ಗಿರಣಿಯವ ಅದನ್ನು ಗುತ್ತಿಗೆ ಹಿಡಿಯುತ್ತಿದ್ದ. ಆ ಜಮೀನ್ದಾರನ ಒಕ್ಕಲುಗಳು ಅದೇ ಗಿರಣಿಯಲ್ಲೇ ಬೀಸಿಸಬೇಕು. ಪಕ್ಕದೂರಿನ ಗಿರಣಿ ಚೆನ್ನಾಗಿದೆ ಅಂತ ಮೂಟೆ ಹೊತ್ತುಕೊಂಡು ಹೋಗುವ ಹಾಗಿಲ್ಲ, ಹೋದರೆ ದಂಡ. ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದಲ್ಲಿ ಈ ಕಟ್ಟುಪಾಡು ತೆಗೆದದ್ದು 1810ರಲ್ಲಿ. ಕೂಲಿ ದುಡ್ಡಿನಲ್ಲಲ್ಲ, ಕಾಳಿನಲ್ಲಿ. ಅನೇಕ ಕಡೆ 16ರಲ್ಲಿ ಒಂದು ಪಾಲು ಗಿರಣಿಯವನಿಗೆ. ಅಳೆದುಕೊಳ್ಳುವವನೂ ಅವನೇ!

ಅಲ್ಲಿಗೆ ಮುಗಿಯಿತು. ಗಿರಣಿಯವ ಕಳ್ಳ ಅನ್ನುವ ಮಾತು ಜರ್ಮನಿಯ ಗಾದೆಗಳಲ್ಲಿ, ಕಥೆಗಳಲ್ಲಿ ತುಂಬಿಹೋಗಿದೆ. ನನಗೆ ಇದನ್ನು ಓದಿ ಸಿಟ್ಟೂ ಬಂತು, ನಗುವೂ ಬಂತು. ನಮ್ಮಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟಿದ್ದರೂ ಹಿಟ್ಟು ಕಡಿಮೆ ಬಂತು ಅನ್ನುವವರು ಈಗಲೂ ಬರುತ್ತಾರೆ. ಕಾರಣ ಸರಳ. ಕಲ್ಲು ಬಿಸಿಯಾಗಿ ಕಾಳಿನ ತೇವ ಆರುತ್ತದೆ. ಸ್ವಲ್ಪ ಹಿಟ್ಟು ಗಾಳಿಗೆ ಹಾರುತ್ತದೆ, ಸ್ವಲ್ಪ ಕಲ್ಲಿನ ಸುತ್ತ ಕೂರುತ್ತದೆ. ಹೊಸದಾಗಿ ಗೆರೆ ಹೊಡೆದ ಕಲ್ಲಾದರೆ ಇನ್ನೂ ಒಂದಿಷ್ಟು. ಆ ಕಾಲದಲ್ಲಿ ಅಳತೆ ತೂಕದಿಂದಲ್ಲ, ಮಾಪಿನಿಂದ. ಕಾಳಿನ ಮಾಪೇ ಬೇರೆ, ಹಗುರಾಗಿ ಉಬ್ಬಿದ ಹಿಟ್ಟಿನ ಮಾಪೇ ಬೇರೆ. ಯಾರಿಗೂ ಲೆಕ್ಕ ಹತ್ತುವುದಿಲ್ಲ. ಕದ್ದವರು ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಕದಿಯದವನಿಗೂ ಅದೇ ಹೆಸರು ಬರುತ್ತಿತ್ತು ಅಂತ ಹೇಳುತ್ತೇನೆ.

ಇದು ಬರೀ ಬೈಗುಳದಲ್ಲಿ ನಿಲ್ಲಲಿಲ್ಲ. ಎಷ್ಟೋ ಪಟ್ಟಣಗಳಲ್ಲಿ ಕುಶಲಕರ್ಮಿಗಳ ಸಂಘಗಳು ಗಿರಣಿಯವನ ಮಕ್ಕಳನ್ನು ಕೆಲಸ ಕಲಿಯಲು ಸೇರಿಸಿಕೊಳ್ಳುತ್ತಿರಲಿಲ್ಲ. ಮರ್ಯಾದಸ್ತ ಹುಟ್ಟು ಅಲ್ಲ ಅಂತ. ಕುರುಬರು, ನಾರುಬಟ್ಟೆ ನೇಯುವವರು, ಸ್ನಾನದ ಮನೆ ನಡೆಸುವವರು, ಊದುವವರು, ಬಾರಿಸುವವರು ಎಲ್ಲರೂ ಇದೇ ಪಟ್ಟಿಯಲ್ಲಿದ್ದರು. ಕೆಲವು ಊರುಗಳಲ್ಲಿ ಗಲ್ಲಿಗೇರಿಸುವಾಗ ಬೇಕಾಗುವ ಏಣಿಯನ್ನು ಒದಗಿಸುವುದೂ ಗಿರಣಿಯವನ ತಲೆಗೇ ಕಟ್ಟಿದ್ದರು. 1548ರಲ್ಲಿ ಆಗಿನ ಜರ್ಮನ್ ಸಾಮ್ರಾಜ್ಯದ ಶಾಸನವೇ ಬಂತು, ಇವರ ಮಕ್ಕಳನ್ನು ಸಂಘಗಳಿಗೆ ಸೇರಿಸಿಕೊಳ್ಳಬೇಕು ಅಂತ. 1577ರಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಹೇಳಿದ್ದಾರೆ ಅಂದರೆ ಮೊದಲನೇ ಸಲ ಎಷ್ಟು ಜನ ಕೇಳಿದ್ದರು ಅನ್ನುವುದು ಊಹಿಸಬಹುದು.

ಒಂದು ಒಳ್ಳೆಯ ನಿಯಮ ಮಾತ್ರ ಗಿರಣಿಯಿಂದಲೇ ಹುಟ್ಟಿತು. 13ನೇ ಶತಮಾನದಲ್ಲಿ ಐಕೆ ಫಾನ್ ರೆಪ್‌ಗೋವ್ ಎಂಬವನು ಸ್ಯಾಕ್ಸನ್ನರ ಕಟ್ಟಳೆಗಳನ್ನು ಬರೆದಿಟ್ಟ. ಅದರಲ್ಲಿ, ಗಿರಣಿಗೆ ಮೊದಲು ಬಂದವನ ಕಾಳನ್ನೇ ಮೊದಲು ಬೀಸಬೇಕು ಎಂದಿದೆ. ಬಂದವನು ಗೌಡನೋ ಕೂಲಿಯೋ, ಪಾಳಿ ಪಾಳಿಯೇ. ಇವತ್ತಿಗೂ ಜರ್ಮನರು ಟಿಕೆಟ್ ಕ್ಯೂನಲ್ಲಿ ನಿಂತರೂ ಈ ಮಾತನ್ನೇ ಹೇಳುತ್ತಾರೆ. ನಮ್ಮ ಗಿರಣಿಯಲ್ಲೂ ಡಬ್ಬಿ ಇಟ್ಟ ಸಾಲಿನ ಪ್ರಕಾರವೇ ಬೀಸುವುದು. ಇಲೆಕ್ಷನ್‌ಗೆ ನಿಂತವರ ಮನೆಯ ಜೋಳ ಬಂದರೂ ಅಷ್ಟೇ.

ಇನ್ನೊಂದು ಪ್ರಕರಣ ಬಿಡಲು ಮನಸ್ಸಿಲ್ಲ. ಪ್ರಷ್ಯಾದ ಪೊಮ್ಮರ್ಟ್ಸಿಗ್ ಎಂಬ ಊರಿನಲ್ಲಿ, ಅದು ಈಗ ಪೋಲೆಂಡಿನಲ್ಲಿದೆ, ಕ್ರಿಸ್ಟಿಯಾನ್ ಅರ್ನಾಲ್ಡ್ ಅಂತ ಒಬ್ಬ ಗಿರಣಿ ನಡೆಸುತ್ತಿದ್ದ. 1770ರಲ್ಲಿ ಹೊಳೆಯ ಮೇಲುಗಡೆ ಒಬ್ಬ ಜಮೀನ್ದಾರ ಅಧಿಕಾರಿ ಮೀನು ಸಾಕಲು ಕೆರೆ ತೋಡಿಸಿದ. ನೀರು ಸಾಲುತ್ತಿಲ್ಲ, ಚಕ್ರ ತಿರುಗುತ್ತಿಲ್ಲ, ಗುತ್ತಿಗೆ ಹಣ ಎಲ್ಲಿಂದ ತರಲಿ ಅಂತ ಅರ್ನಾಲ್ಡ್ ಹಣ ಕಟ್ಟಲಿಲ್ಲ. 1778ರಲ್ಲಿ ಗಿರಣಿ ಹರಾಜಾಯಿತು. ಕೋರ್ಟು ಅವನ ಮಾತು ಕೇಳಲಿಲ್ಲ, ಬರ್ಲಿನ್ನಿನ ಮೇಲಿನ ಕೋರ್ಟೂ ಕೇಳಲಿಲ್ಲ. ಆತ ದೊರೆಗೇ ಅರ್ಜಿ ಕೊಟ್ಟ. ದೊರೆ ಮಹಾನ್ ಫ್ರೆಡರಿಕ್. 1779ರ ಡಿಸೆಂಬರಿನಲ್ಲಿ ನ್ಯಾಯಾಧೀಶರನ್ನು ಕರೆಸಿ, ಬೈದು, ಜೈಲಿಗೆ ಹಾಕಿಸಿದ. ಕಾನೂನು ಮಂತ್ರಿಯಂತಿದ್ದ ಚಾನ್ಸಲರ್‌ನನ್ನು ಅಲ್ಲೇ ಮನೆಗೆ ಕಳಿಸಿದ. ಗಿರಣಿ ಅರ್ನಾಲ್ಡ್‌ಗೆ ವಾಪಸ್ ಬಂತು. ರೈತರಿಗೆ ಖುಷಿಯೋ ಖುಷಿ.

ಕಸುಬಿನವನಾಗಿ ನಾನು ಅರ್ನಾಲ್ಡ್ ಪರ ಅಂದುಕೊಳ್ಳಬೇಡಿ. ನ್ಯಾಯಾಧೀಶರು ಕಾನೂನು ನೋಡಿಯೇ ತೀರ್ಪು ಕೊಟ್ಟಿದ್ದರು. 1786ರಲ್ಲಿ ದೊರೆ ಸತ್ತ ಮೇಲೆ ಅವರ ಮೇಲಿನ ಆರೋಪ ಹೋಯಿತು, ಪರಿಹಾರವೂ ಸಿಕ್ಕಿತು. ನಾನು ಈ ಕಥೆ ತಂದದ್ದು ಹೆಸರಿನ ಕಾರಣಕ್ಕೆ. ಜರ್ಮನಿಯ ಇತಿಹಾಸದಲ್ಲಿ ಅತಿ ಪ್ರಸಿದ್ಧನಾದ ಗಿರಣಿಯವನ ಅಡ್ಡಹೆಸರು ಮುಲ್ಲರ್ ಅಲ್ಲ, ಅರ್ನಾಲ್ಡ್! 18ನೇ ಶತಮಾನದ ಹೊತ್ತಿಗೆ ಹೆಸರು ಒಂದು ಕಡೆ, ಕಸುಬು ಇನ್ನೊಂದು ಕಡೆ ಹೋಗಿಯಾಗಿತ್ತು.

ಅದರ ಉಲ್ಟಾ ಉದಾಹರಣೆ ನಮಗೆಲ್ಲ ಗೊತ್ತಿರುವ ಮನೆಯಲ್ಲೇ ಇದೆ. ಡೆಸಾವ್ ಊರಿನ ಒಬ್ಬ ದರ್ಜಿಯ ಅಡ್ಡಹೆಸರು ಮುಲ್ಲರ್. ಅವನ ಮಗ ವಿಲ್‌ಹೆಲ್ಮ್ ಮುಲ್ಲರ್ 1794ರಲ್ಲಿ ಹುಟ್ಟಿದ, ದೊಡ್ಡವನಾಗಿ ಕವಿಯಾದ. ಗಿರಣಿಯವನ ಮಗಳನ್ನು ಪ್ರೀತಿಸಿ ಸೋತ ಹುಡುಗನ ಬಗ್ಗೆ ಅವನು ಬರೆದ ಕವಿತೆಗಳಿಗೆ ಸಂಗೀತಗಾರ ಶೂಬರ್ಟ್ 1823ರಲ್ಲಿ ರಾಗ ಹಾಕಿದ. ಹೆಸರಲ್ಲಿ ಗಿರಣಿ, ಪದ್ಯದಲ್ಲಿ ಗಿರಣಿ, ಅಪ್ಪನ ಕೈಯಲ್ಲಿ ಮಾತ್ರ ಸೂಜಿ ದಾರ. ಅದೇ 1823ರಲ್ಲಿ ಈ ಕವಿಗೆ ಹುಟ್ಟಿದ ಮಗನೇ ಮ್ಯಾಕ್ಸ್ ಮುಲ್ಲರ್.

ಹೌದು, ಬೆಂಗಳೂರಿನ ಇಂದಿರಾನಗರದಲ್ಲಿ ಯಾರ ಹೆಸರಿನ ಭವನ ಇದೆಯೋ ಅದೇ ಮ್ಯಾಕ್ಸ್ ಮುಲ್ಲರ್. ಋಗ್ವೇದವನ್ನು ಸಾಯಣ ಭಾಷ್ಯದ ಸಮೇತ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದವರು. ಅವರಿಗೂ ಈ ಹೆಸರಿನ ಕಾಟ ಇತ್ತು. ಎಲ್ಲಿ ನೋಡಿದರೂ ಮುಲ್ಲರ್‌ಗಳೇ, ಯಾರು ಯಾರೆಂದು ಗೊತ್ತಾಗುವುದು ಹೇಗೆ? ಅದಕ್ಕೆ ತಮಗಿಟ್ಟ ಮ್ಯಾಕ್ಸ್ ಅನ್ನುವ ಹೆಸರನ್ನೂ ಅಡ್ಡಹೆಸರಿಗೇ ಸೇರಿಸಿಕೊಂಡು, ಎರಡೂ ಸೇರಿ ಒಂದೇ ಅನ್ನುವ ಹಾಗೆ ಮಾಡಿಕೊಂಡರು. ಸಂಸ್ಕೃತದಲ್ಲಿ ಬರೆಯುವಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೋಕ್ಷಮೂಲರ ಭಟ್ಟ ಆದರು. ಜರ್ಮನಿ ಶಾರ್ಮಣ್ಯ ದೇಶ ಆಯಿತು, ಆಕ್ಸ್‌ಫರ್ಡ್ ಗೋತೀರ್ಥ ಆಯಿತು. ಗಿರಣಿಗೂ ಮೋಕ್ಷ ಸಿಕ್ಕಿತಲ್ಲ ಅಂತ ನಾನು ಮನೆಯಲ್ಲಿ ಹೇಳಿ ನಗುತ್ತಿರುತ್ತೇನೆ.

ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ ಮುಲ್ಲರ್ ಅಂದರೆ ಮಂಗಳೂರಿನ ಫಾದರ್ ಮುಲ್ಲರ್. ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಅದೇ ಈಗಿನ ದೊಡ್ಡ ಆಸ್ಪತ್ರೆ. ನಮ್ಮ ಕಡೆಯಿಂದಲೂ ಜನ ಅಲ್ಲಿಗೆ ಹೋಗಿಬರುತ್ತಾರೆ. ಒಮ್ಮೆ ಒಬ್ಬರು, ಅದು ಬೆಂಗಳೂರಿನ ಭವನದವರ ತಮ್ಮನೇ ಕಟ್ಟಿಸಿದ್ದಂತೆ ಅಂತ ನಮ್ಮ ಗಿರಣಿಯ ಕಟ್ಟೆಯ ಮೇಲೆ ಕೂತು ಹೇಳಿದ್ದರು. ನಿಮ್ಮ ಕ್ರೀಡಾ ಪುಟದ ಹಾಗೆಯೇ.

ನೊಬೆಲ್ ಪಟ್ಟಿ ನೋಡಿದರೂ ಅಷ್ಟೇ. ಡಿಡಿಟಿ ಕೀಟ ಕೊಲ್ಲುತ್ತದೆಂದು ಕಂಡುಹಿಡಿದ ಪೌಲ್ ಮುಲ್ಲರ್ 1948ರಲ್ಲಿ, ಭೌತವಿಜ್ಞಾನದ ಅಲೆಕ್ಸ್ ಮುಲ್ಲರ್ 1987ರಲ್ಲಿ. ಈ ಇಬ್ಬರೂ ಸ್ವಿಟ್ಜರ್‌ಲೆಂಡಿನವರು. 2009ರ ಸಾಹಿತ್ಯ ನೊಬೆಲ್ ಹೆರ್ಟಾ ಮುಲ್ಲರ್ ಅವರಿಗೆ, ಅವರು ಹುಟ್ಟಿದ್ದು ರೊಮೇನಿಯಾದ ಜರ್ಮನ್ ಹಳ್ಳಿಯಲ್ಲಿ. ನಾಳೆ ಯಾರಾದರೂ ಇವರನ್ನೂ ಒಂದೇ ಮನೆತನ ಮಾಡದಿದ್ದರೆ ಸಾಕು.

ಹೆಸರು ಉಳಿಯಿತು, ಗಿರಣಿ ಉಳಿಯಲಿಲ್ಲ. ಉಗಿ ಯಂತ್ರ ಬಂತು, ಕಲ್ಲಿನ ಬದಲು ಉಕ್ಕಿನ ರೋಲರ್ ಬಂತು, ಬಂದರಿನ ಪಕ್ಕದಲ್ಲಿ ಭಾರಿ ಗಿರಣಿಗಳು ಎದ್ದವು. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಕಾನೂನು ಮಾಡಿ, ಗಿರಣಿ ಮುಚ್ಚುವವರಿಗೆ ದುಡ್ಡನ್ನೇ ಕೊಟ್ಟರು. ಹಿಟ್ಟು ಬೀಸುವ ಶಕ್ತಿ ಬೇಕಾದ್ದಕ್ಕಿಂತ ಜಾಸ್ತಿ ಇದೆ ಅಂತ. ಸಣ್ಣ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸಿದ್ದು ಇದು: 2017ರಿಂದ ಅಲ್ಲಿ ಈ ಕೆಲಸ ಕಲಿತವನಿಗೆ ಕೊಡುವ ಸರ್ಟಿಫಿಕೇಟ್‌ನಲ್ಲಿ ಕಸುಬಿನ ಹೆಸರು ಮುಲ್ಲರ್ ಅಲ್ಲ, ಗಿರಣಿ ಮತ್ತು ಧಾನ್ಯ ಉದ್ಯಮದ ಸಂಸ್ಕರಣಾ ತಂತ್ರಜ್ಞ. ಇಷ್ಟುದ್ದದ ಹೆಸರಿನಿಂದ ಯಾವ ಅಡ್ಡಹೆಸರೂ ಹುಟ್ಟಲಿಕ್ಕಿಲ್ಲ.

ಆದ್ದರಿಂದ ಸಂಪಾದಕರೇ, ಒಂದು ಸಣ್ಣ ತಿದ್ದುಪಡಿ ಹಾಕಿ. ಗೆರ್ಡ್ ಮತ್ತು ಥಾಮಸ್ ಸಂಬಂಧಿಕರಲ್ಲ ಅಂದರೆ ಸಾಕು, ಉಳಿದದ್ದು ನಿಮ್ಮ ಇಷ್ಟ. ಹೆಸರಿನ ಕಾಗುಣಿತವನ್ನೂ ಒಂದೇ ಥರ ಮಾಡಿಕೊಳ್ಳಿ. ಒಂದೇ ಲೇಖನದಲ್ಲಿ ಮುಲ್ಲರ್, ಮುಲ್ಲೇರ್, ಮ್ಯೂಲರ್ ಮೂರೂ ಇತ್ತು.

ಇನ್ನೊಂದು ಮಾತು. ಮುಂದಿನ ವಾರ ಕಾರ್ ರೇಸ್ ಬಗ್ಗೆ ಬರೆಯುತ್ತೀರಿ ಎಂದು ಪ್ರಕಟಣೆ ಇದೆ. ಮೈಕೆಲ್ ಶುಮಾಕರ್ ಮತ್ತು ರಾಲ್ಫ್ ಶುಮಾಕರ್ ನಿಜವಾಗಿ ಅಣ್ಣತಮ್ಮಂದಿರು. ಆದರೆ 1980ರ ದಶಕದ ಫುಟ್‌ಬಾಲ್ ಗೋಲ್‌ಕೀಪರ್ ಟೋನಿ ಶುಮಾಕರ್‌ನನ್ನು ದಯವಿಟ್ಟು ಅವರ ಚಿಕ್ಕಪ್ಪ ಮಾಡಬೇಡಿ. ಶುಮಾಕರ್ ಅಂದರೆ ಚಪ್ಪಲಿ ಹೊಲಿಯುವವನು, ಅವರೂ ಊರೂರಿಗೆ ಇದ್ದರು.

ಇಂತಿ ನಿಮ್ಮ ಓದುಗ,
ಹಿಟ್ಟಿನ ಗಿರಣಿಯವ, ರಾಣೆಬೆನ್ನೂರು